ಮರಗೆಲಸದ ಬೆಲೆಯೂ ಅಚೌರ್ಯಾಣುವ್ರತವೂ

ಅಣುವ್ರತಗಳ ಪಾಠದಲ್ಲಿ ಅಚೌರ್ಯವು ಬಹುಬೇಗ ಮುಗಿದುಹೋಗುವ ಪ್ರಕರಣವಾಗಿದೆ. ಕನ್ನ ಹಾಕುವವರು ಶ್ರಾವಕರಲ್ಲಿ ಯಾರಿದ್ದಾರೆ ಎಂಬ ಸಮಾಧಾನದಿಂದ ಓದುವವರು ಅದನ್ನು ದಾಟಿ ಮುಂದಿನ ವ್ರತಕ್ಕೆ ಹೋಗಿಬಿಡುತ್ತಾರೆ. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಎಣಿಸಿರುವ ಐದು ಅತಿಚಾರಗಳಲ್ಲಿ ಮೊದಲನೆಯದಾದ ಸ್ತೇನಪ್ರಯೋಗವೊಂದನ್ನು ಬಿಟ್ಟರೆ ಉಳಿದ ನಾಲ್ಕೂ ಕೊಳ್ಳುವ ಕೊಡುವ ವ್ಯವಹಾರಕ್ಕೆ ಸೇರಿದವು: ಕದ್ದು ತಂದ ವಸ್ತುವನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು, ಕೊಡುವಾಗ ಕಿರಿದೂ ಕೊಳ್ಳುವಾಗ ಹಿರಿದೂ ಆದ ಅಳತೆಯನ್ನು ಬಳಸುವುದು, ಒಂದು ವಸ್ತುವಿನ ಹೋಲಿಕೆಯುಳ್ಳ ಮತ್ತೊಂದನ್ನು ಅದರ ಹೆಸರಿನಲ್ಲಿ ಸಾಗಿಸುವುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೆಸರುಗಳನ್ನು ತುಸು ಬೇರೆಮಾಡಿ ಇವನ್ನೇ ಹೇಳಿದ್ದಾರೆ. ಹೋಲಿಕೆಯ ವಸ್ತುವಿನ ಬೆರಕೆಗೆ ಅವರು ಇಟ್ಟ ಹೆಸರು ಸದೃಶಸನ್ಮಿಶ್ರ. ಅಳತೆಯ ಮೋಸಕ್ಕೆ ಹೀನಾಧಿಕವಿನಿಮಾನ.

ಜೋಳ, ತೊಗರಿ, ಎಣ್ಣೆ, ಅರಿವೆಗಳಿಗೆ ಪೇಟೆಯಲ್ಲಿ ಒಂದು ಧಾರಣೆ ಇರುತ್ತದೆ. ಆ ಧಾರಣೆಯೇ ಮಾರುವವನಿಗೂ ಕೊಳ್ಳುವವನಿಗೂ ಎಲ್ಲೆಕಟ್ಟು. ತಪ್ಪಿದವನು ಯಾರೆಂದು ಮಕ್ಕಳಾದರೂ ಹೇಳಬಲ್ಲರು. ಆದರೆ ಹಿಂದೆ ಯಾರೂ ಮಾಡದ, ಮುಂದೆ ಮತ್ತೊಬ್ಬರು ಮಾಡಿಸುವರೋ ಇಲ್ಲವೋ ತಿಳಿಯದ ಒಂದು ವಸ್ತುವನ್ನು ಒಬ್ಬನಿಂದ ಹೇಳಿ ಮಾಡಿಸಿಕೊಳ್ಳುವಾಗ ಧಾರಣೆಯೆಂಬುದು ಎಲ್ಲಿಂದ ಬರಬೇಕು? ಅಂತಹ ಕಡೆ ಅತಿಚಾರವು ತಕ್ಕಡಿಯಲ್ಲಿ ಕಾಣದೆ ಮಾತಿನಲ್ಲಿ ಅಡಗಿ ಕುಳಿತಿರುತ್ತದೆ. ಈ ಪಾಠದ ವಿಷಯ ಅದು.

ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಬೋನಾಳ ಗ್ರಾಮವನ್ನು ಹೊರಗಿನವರು ಅಲ್ಲಿನ ಕೆರೆಯಿಂದಲೂ ಪಕ್ಷಿಧಾಮದಿಂದಲೂ ಬಲ್ಲರು. ಸುರಪುರದ ನಾಯಕ ಅರಸರ ಕಾಲದಲ್ಲಿ ಕಟ್ಟಿಸಿದ ಆ ಕೆರೆಗೆ ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬಂದಿಳಿಯುತ್ತವೆ. ಆದರೆ ಇಲ್ಲಿ ಬೇಕಾಗಿರುವುದು ಆ ಸೀಮೆಯ ಬಡಿಗೇರರ ಸಂಗತಿ. ಕೃಷ್ಣಾತೀರದ ತಿಂಥಣಿ ಮೌನೇಶ್ವರನ ಒಕ್ಕಲಾದ ಬಡಿಗೇರ, ಕಂಬಾರ ಮನೆತನಗಳು ಈ ಭಾಗದ ಹಳ್ಳಿಗಳಲ್ಲಿ ತಲೆತಲಾಂತರದಿಂದ ಬಾಳಿ ಬಂದಿವೆ. ಹಿಂದೆ ಬಡಿಗೇರನ ಕೆಲಸಕ್ಕೆ ಬಿಡಿಬಿಡಿಯಾದ ಬೆಲೆಯೇ ಇರಲಿಲ್ಲ. ವರ್ಷವಿಡೀ ಒಕ್ಕಲಿಗನ ಕುಂಟೆ, ಕೂರಿಗೆ, ನೇಗಿಲು, ನೊಗ, ಬಂಡಿಗಳನ್ನು ಸರಿಮಾಡಿಕೊಡುವುದು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯವೆಂದು ಜೋಳದ ಪಾಲನ್ನು ಪಡೆಯುವುದು. ಒಂದು ಕೂರಿಗೆಯ ತಾಳು ಮುರಿದರೆ ಎಷ್ಟು ಎಂದು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಮಳೆ ಬಾರದ ವರ್ಷ ಆಯವೂ ಕುಗ್ಗುತ್ತಿತ್ತು. ಒಕ್ಕಲಿಗನ ಕಷ್ಟದಲ್ಲಿ ಬಡಿಗೇರನಿಗೂ ಪಾಲಿತ್ತು. ಆ ಪದ್ಧತಿಯಲ್ಲಿ ದೋಷಗಳೇ ಇರಲಿಲ್ಲವೆಂದಲ್ಲ. ಆದರೆ ಬೆಲೆ ನುಡಿಯುವ ಸಂಕಟವೊಂದು ಅಲ್ಲಿರಲಿಲ್ಲ.

ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿದು ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಮೇಲೆ ಸುರಪುರ, ಶಹಾಪುರಗಳ ಜೋಳದ ಹೊಲಗಳು ಎಷ್ಟೋ ಕಡೆ ಭತ್ತದ ಗದ್ದೆಗಳಾದವು. ಟ್ರ್ಯಾಕ್ಟರು ಬಂದಿತು, ಕಬ್ಬಿಣದ ಕೂರಿಗೆ ಬಂದಿತು. ಮರದ ಕುಂಟೆಯೊಂದಿಗೆ ಆಯವೂ ಹಿಂದೆ ಸರಿಯಿತು. ಬಡಿಗೇರನು ಬಾಗಿಲು, ಚೌಕಟ್ಟು, ಮಂಚಗಳ ಕೆಲಸಕ್ಕೆ ತಿರುಗಿದನು. ಅವುಗಳ ಬೆಲೆ ನಾಲ್ಕಾರು ವರ್ಷಗಳಲ್ಲಿ ಅವನ ಕೈಗೂ ಬಾಯಿಗೂ ಹತ್ತಿತು. ಕಷ್ಟವು ಅದರಾಚೆಯ ಕೆಲಸದಲ್ಲಿ.

ಒಂದು ಸಂದರ್ಭವನ್ನು ದೃಷ್ಟಾಂತವಾಗಿ ಕಲ್ಪಿಸಿಕೊಳ್ಳಬಹುದು. ಸುರಪುರದ ಶ್ರಾವಕನೊಬ್ಬನ ಮನೆಯಲ್ಲಿ ಅಜ್ಜನ ಕಾಲದ ಕೆಲವು ಓಲೆಯ ಕಟ್ಟುಗಳೂ ಮುದ್ರಿತ ಶಾಸ್ತ್ರಗಳೂ ಇವೆ. ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿಯ ಹೊತ್ತಿಗೆ ಅವುಗಳಿಗೆ ಒಂದು ಕಪಾಟು ಆಗಬೇಕು. ಸಾಮಾನ್ಯ ಕಪಾಟಾದರೆ ಅಂಗಡಿಯಲ್ಲಿ ಸಿದ್ಧವಾಗಿಯೇ ದೊರೆಯುತ್ತದೆ. ಇವನಿಗೆ ಬೇಕಾದುದು ಐದು ಅಡಿ ಎತ್ತರ, ನಾಲ್ಕು ಅಡಿ ಅಗಲ, ಒಂದೂವರೆ ಅಡಿ ಆಳದ್ದು. ಓಲೆಯ ಕಟ್ಟುಗಳ ಉದ್ದಕ್ಕೆ ತಕ್ಕಂತೆ ಖಾನೆಗಳು. ಗಾಳಿಯಾಡಬೇಕು, ಹುಳು ಇರುವೆ ನುಗ್ಗಬಾರದು. ಕಬ್ಬಿಣದ ಮೊಳೆ ಇರಕೂಡದು, ಹಲಗೆಗಳೆಲ್ಲ ಕುಳಿ ಕೊರೆದು ಒಂದರಲ್ಲೊಂದು ಕೂಡಿಸಿದವಾಗಿರಬೇಕು. ಬೋನಾಳದ ಒಬ್ಬ ಬಡಿಗೇರನ ಕೈಗೆಲಸ ಒಳ್ಳೆಯದೆಂದು ಕೇಳಿ ಅವನ ಬಳಿಗೆ ಹೋಗುತ್ತಾನೆ. ಬಡಿಗೇರನು ಅಂತಹದನ್ನು ಹಿಂದೆ ಮಾಡಿಲ್ಲ. ಮಾಡಬಲ್ಲೆನೆಂಬ ಧೈರ್ಯವುಂಟು, ಎಷ್ಟಾದೀತೆಂಬುದು ತಿಳಿಯದು. ಆಗ ನಡೆಯುವ ಸಂಭಾಷಣೆ ಸಾಮಾನ್ಯವಾಗಿ ಎರಡೇ ಮಾತಿನದು.

“ನಿಮ್ಮ ಮನಸಿಗಿ ತಿಳದಷ್ಟು ಕೊಡ್ರಿ, ಸಾವ್ಕಾರ್ರೆ.”

“ಮೊದಲ ಕೆಲಸ ಮಾಡು ಬಡಿಗೇರಪ್ಪ, ಆಮ್ಯಾಲ ಏನ್ ಬರೋಬರಿ ಅದನೋ ಅದು ಕೊಡೂಣಂತ.”

ಕೇಳುವುದಕ್ಕೆ ಇಬ್ಬರೂ ಸಜ್ಜನರು. ಮಾತಿನಲ್ಲಿ ವಿನಯವೂ ಇದೆ, ವಿಶ್ವಾಸವೂ ಇದೆ. ಆದರೆ ಸತ್ಯಾಣುವ್ರತಕ್ಕೆ ದೃಷ್ಟಾಂತವಾಗಿ ರತ್ನಕರಂಡಕದಲ್ಲಿ ಹೆಸರಿಸಲಾದ ಧನದೇವನ ಕಥೆಯು ಇದೇ ಎರಡು ಮಾತಿನ ಸುತ್ತ ಹೆಣೆದುದೆಂಬುದನ್ನು ಬಹಳ ಮಂದಿ ಗಮನಿಸಿಲ್ಲ. ಪ್ರಭಾಚಂದ್ರರ ಟೀಕೆಯಲ್ಲಿ ಆ ಕಥೆ ಹೀಗಿದೆ. ಪುಂಡರೀಕಿಣೀ ನಗರದಲ್ಲಿ ಜಿನದೇವ, ಧನದೇವರೆಂಬ ಇಬ್ಬರು ವರ್ತಕರು. ಇಬ್ಬರ ಬಳಿಯೂ ಇದ್ದ ಹಣ ಸ್ವಲ್ಪವೇ. ಬಂದ ಲಾಭವನ್ನು ಅರ್ಧರ್ಧ ತೆಗೆದುಕೊಳ್ಳುವುದೆಂದು ಮಾತನಾಡಿಕೊಂಡು, ಸಾಕ್ಷಿಯನ್ನಿಡದೆ, ದೂರದೇಶಕ್ಕೆ ವ್ಯಾಪಾರಕ್ಕೆ ಹೋದರು. ಬಹಳ ದ್ರವ್ಯವನ್ನು ಗಳಿಸಿ ಕ್ಷೇಮವಾಗಿ ಹಿಂದಿರುಗಿದರು. ಹಣವನ್ನು ಕಂಡ ಮೇಲೆ ಜಿನದೇವನ ಮನಸ್ಸು ಕದಲಿತು. ಅರ್ಧವನ್ನು ಕೊಡದೆ ತನಗೆ ತೋರಿದಷ್ಟು ಸ್ವಲ್ಪವನ್ನು ಕೊಡಲು ಬಂದನು. ಜಗಳವು ಬಂಧುಗಳ ಮುಂದೆ, ಮಹಾಜನರ ಮುಂದೆ, ಕಡೆಗೆ ಅರಸನ ಮುಂದೆ ಬಂದಿತು. ಅಲ್ಲಿ ಜಿನದೇವನು, ಏನನ್ನೂ ಕೊಡುತ್ತೇನೆಂದು ಹೇಳಿರಲಿಲ್ಲವೆಂದು ವಾದಿಸಲಿಲ್ಲ. ಅರ್ಧವೆಂದು ಹೇಳಿರಲಿಲ್ಲ, ಉಚಿತವಾದುದನ್ನು ಕೊಡುವೆನೆಂದೇ ಹೇಳಿದ್ದೆನು ಎಂದನು. ಸಾಕ್ಷಿಯಿಲ್ಲ. ಅರಸನು ಇಬ್ಬರಿಗೂ ದಿವ್ಯಪರೀಕ್ಷೆಯನ್ನು ವಿಧಿಸಿದನು. ಧನದೇವನು ಶುದ್ಧನೆಂದು ತೋರಿತು; ಧನವೆಲ್ಲವೂ ಅವನಿಗೆ ಸಂದಿತು.

ಈ ಕಥೆಯನ್ನು ಸತ್ಯದ ಮಹಿಮೆಗಾಗಿ ಹೇಳಿ ಮುಗಿಸುವುದು ವಾಡಿಕೆ. ಆದರೆ ಜಿನದೇವನು ಆಶ್ರಯಿಸಿದ ಆ ಒಂದು ಪದ, “ಉಚಿತ” ಎಂಬುದು, ವಿಚಾರಕ್ಕೆ ಯೋಗ್ಯವಾಗಿದೆ. ಅರ್ಧವೆಂಬುದು ಸಂಖ್ಯೆ, ಅದನ್ನು ಹಿಗ್ಗಿಸಲಾಗದು, ಕುಗ್ಗಿಸಲಾಗದು. ಉಚಿತವೆಂಬುದು ಹಣ ಕೈಯಲ್ಲಿರುವವನ ಮನಸ್ಸಿಗೆ ಬಂದಷ್ಟು. ಕೆಲಸ ಮುಗಿಯುವ ಮುನ್ನ ಒಂದು ಪ್ರಮಾಣ, ಮುಗಿದ ಮೇಲೆ ಮತ್ತೊಂದು. “ತಿಳಿದಷ್ಟು ಕೊಡಿ” ಎನ್ನುವ ಬಡಿಗೇರನೂ ನಿಜವಾಗಿ ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಇರುತ್ತಾನೆ, ಸಾಹುಕಾರನೂ ಇಟ್ಟುಕೊಂಡಿರುತ್ತಾನೆ. ಅವೆರಡೂ ಒಂದೇ ಆಗಿರುವುದು ಅಪರೂಪ. ಕಪಾಟು ಮನೆ ಸೇರಿದ ದಿನ ಇಬ್ಬರಲ್ಲಿ ಒಬ್ಬನಿಗೆ ಮೋಸಹೋದೆನೆಂಬ ಸಂಕ್ಲೇಶ ತಪ್ಪದು. ಶ್ರುತಪಂಚಮಿಯ ದಿನ ಆ ಕಪಾಟಿನ ಮುಂದೆ ಉಪವಾಸವಿದ್ದು ಪೂಜೆ ಸಲ್ಲಿಸುವವನು, ಅದೇ ಹೊತ್ತಿನಲ್ಲಿ ಬೋನಾಳದ ಮನೆಯೊಂದರಲ್ಲಿ ಹದಿನೈದು ದಿನದ ಕೂಲಿ ಗಿಟ್ಟಲಿಲ್ಲವೆಂದು ನೊಂದು ಕುಳಿತವನಿದ್ದಾನೆಂಬುದನ್ನು ಅರಿಯನು.

ಹಾಗಾದರೆ ಅಪರಿಚಿತವಾದ ಕೆಲಸದ ಬೆಲೆಯನ್ನು ನುಡಿಯುವ ಬಗೆ ಹೇಗೆ? ಕೆಲಸವು ಒಟ್ಟಾಗಿ ಅಪರಿಚಿತವಾದರೂ ಬಿಡಿಸಿ ನೋಡಿದರೆ ಅದರ ಬಹುಭಾಗ ಪರಿಚಿತವೇ. ಹಲಗೆ ಕೊಯ್ಯುವುದು, ರಂದ ಹೊಡೆಯುವುದು, ಕುಳಿ ತೆಗೆಯುವುದು, ಬಾಗಿಲು ಕೂಡಿಸುವುದು, ಇವನ್ನೆಲ್ಲ ಬಡಿಗೇರನು ನೂರು ಸಲ ಮಾಡಿದ್ದಾನೆ. ತಿಳಿಯದ ಭಾಗ ಸ್ವಲ್ಪ. ತಿಳಿದುದನ್ನು ಲೆಕ್ಕದಿಂದ ಹೇಳಿ, ತಿಳಿಯದುದನ್ನು ತಿಳಿಯದೆಂದೇ ಹೇಳುವುದು ಸತ್ಯವ್ರತಕ್ಕೆ ಒಪ್ಪುವ ಮಾರ್ಗ. ಕೆಳಗಿನ ಅಂಕೆಗಳು ರೀತಿಯನ್ನು ತೋರಿಸುವುದಕ್ಕಾಗಿ ಹಿಡಿದವು. ಧಾರಣೆಯು ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬೇರೆಯಾಗುವುದರಿಂದ ಓದುಗರು ತಮ್ಮ ಊರಿನ ಧಾರಣೆಯನ್ನು ಹಾಕಿಕೊಳ್ಳಬೇಕು.

ಮೊದಲು ಮರ. ಎರಡು ಪಕ್ಕದ ಹಲಗೆಗಳು ಐದು ಅಡಿಗೆ ಒಂದೂವರೆ ಅಡಿಯಂತೆ 15 ಚದರ ಅಡಿ. ಮೇಲು, ತಳ, ನಡುವಿನ ನಾಲ್ಕು ಖಾನೆ, ಹೀಗೆ ಆರು ಹಲಗೆಗಳು ನಾಲ್ಕು ಅಡಿಗೆ ಒಂದೂವರೆ ಅಡಿಯಂತೆ 36 ಚದರ ಅಡಿ. ಒಟ್ಟು 51 ಚದರ ಅಡಿ. ಒಂದು ಅಂಗುಲ ದಪ್ಪಕ್ಕೆ ಹನ್ನೆರಡರಿಂದ ಭಾಗಿಸಿದರೆ 4.25 ಘನ ಅಡಿ. ಬಾಗಿಲಿನ ಚೌಕಟ್ಟು, ಹಿಂಬದಿಯ ಪಟ್ಟಿ, ಕಾಲುಗಳಿಗೆ 0.75 ಘನ ಅಡಿ ಹಿಡಿದರೆ ಒಟ್ಟು 5 ಘನ ಅಡಿ. ಇದು ಕಪಾಟಿನಲ್ಲಿ ನಿಲ್ಲಬೇಕಾದ ಮರ. ಗರಗಸದ ಪುಡಿ, ಬಿರುಕು, ಗಂಟು, ತುದಿತುಂಡುಗಳಿಗೆ ಕೊಂಡ ಮರದಲ್ಲಿ ಐದರಲ್ಲೊಂದು ಪಾಲು ಹೋಗುವುದಾದರೆ ಎಷ್ಟು ಕೊಳ್ಳಬೇಕು? ಇಲ್ಲಿ ಬಹುಮಂದಿ ತಪ್ಪುತ್ತಾರೆ. 5ಕ್ಕೆ ಅದರ ಐದನೆಯ ಪಾಲನ್ನು ಕೂಡಿಸಿ 6 ಎನ್ನುತ್ತಾರೆ. ಆದರೆ 6ರಲ್ಲಿ ಐದನೆಯ ಪಾಲು ಹೋದರೆ ಉಳಿಯುವುದು 4.8 ಮಾತ್ರ. 5 ಉಳಿಯಬೇಕಾದರೆ 6.25 ಕೊಳ್ಳಬೇಕು. ಘನ ಅಡಿಗೆ 4,000 ರೂಪಾಯಿಯಂತೆ ಸಾಗವಾನಿಯನ್ನು ಹಿಡಿದರೆ 6.25ಕ್ಕೆ 25,000, ತಪ್ಪು ಲೆಕ್ಕದಲ್ಲಿ 24,000. ಒಂದು ಸಾವಿರ ರೂಪಾಯಿ, ಅಂದರೆ ಒಂದು ದಿನದ ದುಡಿಮೆ, ಎಣಿಕೆಯ ತಪ್ಪಿನಲ್ಲಿಯೇ ಕರಗಿತು. ಗಣಿತವನ್ನು ಧರ್ಮದಿಂದ ಬೇರೆಯೆಂದು ಎಣಿಸುವವರಿಗಾಗಿ ಈ ಉದಾಹರಣೆಯನ್ನು ತುಸು ಬಿಡಿಸಿ ಹೇಳಬೇಕಾಯಿತು.

ಇದಕ್ಕೆ ಎದುರಾದ ತಪ್ಪೂ ಒಂದಿದೆ. ದುಂಡುಮರವನ್ನು ಕೊಳ್ಳುವಾಗ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸುವ ಹಳೆಯ ಕ್ರಮವೊಂದುಂಟು. ಈ ಕ್ರಮದಲ್ಲಿ ದೊರೆಯುವ ಅಂಕೆಯು ನಿಜವಾದ ಘನಫಲದ 100ಕ್ಕೆ ಸುಮಾರು 78.5 ಭಾಗ ಮಾತ್ರ. ಕೊಯ್ತದಲ್ಲಿ ಹೋಗುವ ಅಂಚುಗಳ ರಿಯಾಯಿತಿಯು ಅಳತೆಯಲ್ಲಿಯೇ ಸೇರಿಹೋಯಿತೆಂದಾಯಿತು. ಹೀಗೆ ಕೊಂಡ ಮರಕ್ಕೆ, ಕೊಯ್ದ ಹಲಗೆಯ ಲೆಕ್ಕದಂತೆ ಮತ್ತೊಮ್ಮೆ ಪೂರ್ತಿ ನಷ್ಟವನ್ನು ಕೂಡಿಸಿ ಗಿರಾಕಿಯಿಂದ ಪಡೆದರೆ ಅದು ಹೀನಾಧಿಕವಿನಿಮಾನವೇ ಆಗುತ್ತದೆ. ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಮತ್ತೊಂದು. ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿ ಕೊಳಗ, ತಕ್ಕಡಿಗಳ ನಿದರ್ಶನದಿಂದ ಹೇಳಿದುದು ಅಡಿಕೋಲಿಗೂ ಸಲ್ಲುತ್ತದೆ. ಹಾಗೆಯೇ ಒಂದು ಅಂಗುಲದ ಹಲಗೆ ರಂದ ಹೊಡೆದ ಮೇಲೆ ಒಂದು ಅಂಗುಲ ಉಳಿಯುವುದಿಲ್ಲ. ಕೊಯ್ದ ಅಳತೆಯೋ ಮುಗಿದ ಅಳತೆಯೋ ಎಂಬುದನ್ನು ಮೊದಲೇ ಹೇಳತಕ್ಕದ್ದು.

ಮುಂದೆ ದಿನಗಳು. ಹಲಗೆ ಹದಮಾಡುವುದಕ್ಕೆ 2, ಪಕ್ಕ ಮತ್ತು ಖಾನೆಗಳ ಸಂದುಗಳಿಗೆ 5, ಗಾಜಿನ ಬಾಗಿಲುಗಳಿಗೆ 4, ಹಿಂಬದಿ ಮತ್ತು ಕಾಲುಗಳಿಗೆ 2, ಉಜ್ಜಿ ಎಣ್ಣೆ ಹಚ್ಚುವುದಕ್ಕೆ 1, ಒಟ್ಟು 14 ದಿನ. ದಿನಕ್ಕೆ 1,000ದಂತೆ 14,000. ಗಾಜು, ಕೀಲು, ಬೀಗ, ಎಣ್ಣೆಗೆ 4,500. ಗಾಡಿಯ ಬಾಡಿಗೆ, ವಿದ್ಯುತ್ತು, ಉಪಕರಣಗಳ ಸವೆತಕ್ಕೆ 1,500. ಈವರೆಗೆ ಅಸಲು 45,000. ಹತ್ತನೆಯ ಒಂದು ಪಾಲು ಲಾಭವೆಂದರೆ 4,500, ಕೂಡಿ 49,500. ಕೂಲಿಯನ್ನು ಪಡೆದ ಮೇಲೆ ಲಾಭವೇಕೆ ಎಂದು ಕೇಳುವವರುಂಟು. ಕೂಲಿಯವನು ಸಂದು ಕೆಟ್ಟರೂ ಸಂಜೆಗೆ ಕೂಲಿ ಪಡೆಯುತ್ತಾನೆ. ಒಪ್ಪಿ ಮಾಡುವವನು ಕೆಟ್ಟ ಹಲಗೆಯನ್ನು ತನ್ನ ಹಣದಿಂದ ಬದಲಿಸಬೇಕು. ಆ ಹೊಣೆಗೆ ಬೆಲೆಯಿದೆ.

ತಿಳಿಯದ ಭಾಗ ಇನ್ನೂ ಉಳಿಯಿತು. ಗಾಳಿಯಾಡಬೇಕು, ಹುಳು ನುಗ್ಗಬಾರದು ಎಂಬ ಆ ಖಾನೆಗಳ ರಚನೆಯನ್ನು ಬಡಿಗೇರನು ಒಂದೆರಡು ಸಲ ಮಾಡಿ ಕೆಡಿಸಿ ಕಲಿಯಬೇಕಾದೀತು. ಅದಕ್ಕೆ 3 ದಿನ ಬೇಕಾಗಬಹುದೆಂದು ಅವನ ಅಂದಾಜು. ಈ ಕಲಿಕೆಯ ವೆಚ್ಚ ಯಾರದು? ಕಲಿತ ವಿದ್ಯೆ ಅವನ ಕೈಯಲ್ಲಿಯೇ ಉಳಿಯುವುದರಿಂದ ಗಿರಾಕಿಯು ಕೊಡಬೇಕಾದುದಿಲ್ಲವೆಂಬುದು ಒಂದು ಪಕ್ಷ. ಗಿರಾಕಿಯ ವಿಶೇಷವಾದ ಅಪೇಕ್ಷೆಯಿಂದಲೇ ಆ ವೆಚ್ಚ ಹುಟ್ಟಿದುದರಿಂದ ಅವನೇ ಕೊಡಬೇಕೆಂಬುದು ಮತ್ತೊಂದು. ಎರಡರಲ್ಲಿಯೂ ಸತ್ಯಾಂಶವುಂಟು. ಹೊಸ ಉಳಿಯನ್ನು ಹಿಡಿಯಲು ಕಲಿಯುವುದು, ಎಲ್ಲ ಕೆಲಸಕ್ಕೂ ಒದಗುವ ಸಂದನ್ನು ಅಭ್ಯಾಸಮಾಡುವುದು ಬಡಿಗೇರನ ಸ್ವಂತ ಲಾಭ. ಅದನ್ನು ಗಿರಾಕಿಯ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಈ ಒಂದು ಕಪಾಟಿಗಲ್ಲದೆ ಮತ್ತೊಂದಕ್ಕೆ ಉಪಯೋಗಕ್ಕೆ ಬಾರದ ಮಾದರಿಯನ್ನು ಮಾಡಿ ನೋಡುವುದು ಗಿರಾಕಿಯ ವೆಚ್ಚ. ಆದುದರಿಂದ ಆ 3,000ವನ್ನು ಮುಚ್ಚಿ ಬೆಲೆಯೊಳಗೆ ಬೆರಸದೆ ಬೇರೆಯಾಗಿ ಹೇಳುವುದು ಮೇಲು: ಬೆಲೆ 49,500, ಮಾದರಿಗೆ ತಗಲಿದ ದಿನಗಳಿಗೆ ದಿನಕ್ಕೆ 1,000ದಂತೆ ಹೆಚ್ಚು, ಹೇಗಾದರೂ 52,500ನ್ನು ಮೀರದು. ಒಂದೇ ದಿನ ಹಿಡಿದರೆ 50,500. ಐದು ದಿನ ಹಿಡಿದರೂ 52,500ಕ್ಕೇ ನಿಂತಿತು. ಉಳಿದ ಎರಡು ದಿನ ಅವನ ಅಂದಾಜಿನ ದೋಷ, ಅದನ್ನು ಅವನೇ ಹೊರಬೇಕು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಒಂದೊಂದನ್ನು ಇಟ್ಟುಕೊಂಡರೆ ಧನದೇವನಿಗೆ ಬಂದ ದಿವ್ಯಪರೀಕ್ಷೆ ಯಾರಿಗೂ ಬಾರದು.

ಭಯದಿಂದ ಕಡಿಮೆ ನುಡಿಯುವುದು ದಯೆಯೆಂದು ತೋರಬಹುದು. ಗಿರಾಕಿಯು ಬೇರೆಡೆಗೆ ಹೋದಾನೆಂದು ಬಡಿಗೇರನು 35,000 ಎಂದನೆನ್ನೋಣ. ಎಂಟನೆಯ ದಿನಕ್ಕೆ ಹಣ ತೀರಿತು. ಉಳಿದ ಖಾನೆಗಳಿಗೆ ಸಾಗವಾನಿಯ ತಿರುಳನ್ನು ಬಿಟ್ಟು ಹೊರಗಿನ ಬಿಳಿಯ ಮರವನ್ನು ಬಳಸಿ ಬಣ್ಣ ಹಚ್ಚುತ್ತಾನೆ. ಹಿಂಬದಿಗೆ ಮತ್ತಾವುದೋ ಅಗ್ಗದ ಮರ. ಸದೃಶಸನ್ಮಿಶ್ರವೆಂದರೆ ಇದೇ. ಆ ಬಿಳಿಮರಕ್ಕೆ ಹುಳು ಬೇಗ ಹತ್ತುತ್ತದೆ. ಮರದ ಹುಳು ಓಲೆಗೆ ಬರುವುದೂ, ಅದನ್ನು ಕೊಲ್ಲುವ ಮದ್ದಿನ ಮಾತು ವ್ರತಿಯ ಮನೆಯಲ್ಲಿ ಏಳುವುದೂ ಆಮೇಲಿನ ಸಂಗತಿಗಳು. ಕಡಿಮೆ ಬೆಲೆಯಿಂದ ಹುಟ್ಟಿದ ಅಸತ್ಯವು ಅಚೌರ್ಯವನ್ನು ಕೆಡಿಸಿ ಅಹಿಂಸೆಯವರೆಗೂ ನಡೆದುಹೋಯಿತು.

ಅಗ್ಗದ ಮರದ ಮತ್ತೊಂದು ಮೂಲವನ್ನೂ ಹೇಳಬೇಕು. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಕಟ್ಟಳೆಗಳಂತೆ ಸಾಗವಾನಿಯಂತಹ ಮರವನ್ನು ಸಾಗಿಸಲು ರಹದಾರಿ ಬೇಕು. ರಹದಾರಿಯಿಲ್ಲದೆ ರಾತ್ರಿ ಬಂದ ಮರ ಅರ್ಧಬೆಲೆಗೆ ದೊರೆಯಬಹುದು. ಅಂತಹುದನ್ನು ಕೊಂಡರೆ ತದಾಹೃತಾದಾನ, ವಿರುದ್ಧರಾಜ್ಯಾತಿಕ್ರಮ, ಎರಡು ಅತಿಚಾರಗಳು ಒಟ್ಟಿಗೇ ಬಂದವು. ಕೊಂಡವನು ಬಡಿಗೇರ, ತನಗೇನು ಎಂದು ಶ್ರಾವಕನು ಹೇಳುವಂತಿಲ್ಲ. ಬೆಲೆ ಅಷ್ಟು ಇಳಿದುದೇಕೆಂದು ಕೇಳದೆ ಸಂತೋಷಪಟ್ಟವನು ಅವನು.

ಗಿರಾಕಿಯಾದ ಶ್ರಾವಕನು ತನ್ನ ನಿಯಮಗಳನ್ನು ಬೆಲೆ ಮಾತನಾಡುವ ಮೊದಲೇ ಹೇಳತಕ್ಕದ್ದು. ಇದನ್ನು ಬಹಳ ಮಂದಿ ಮರೆಯುತ್ತಾರೆ. ಮರಗೆಲಸದಲ್ಲಿ ಬಳಸುವ ಸರೇಸು ಎಂಬ ಅಂಟು ಪ್ರಾಣಿಗಳ ಚರ್ಮ, ಎಲುಬುಗಳಿಂದಾದುದು. ಹೊಳಪಿಗೆ ಹಚ್ಚುವ ಪಾಲಿಷಿನಲ್ಲಿ ಅರಗು ಇರುತ್ತದೆ. ಅರಗು ಕೀಟಗಳಿಂದ ಬರುವುದು. ಪಂಡಿತ ಆಶಾಧರರು 13ನೆಯ ಶತಮಾನದಲ್ಲಿ ರಚಿಸಿದ ಸಾಗಾರಧರ್ಮಾಮೃತದಲ್ಲಿ ಚರ್ಚಿಸಿರುವ ಖರಕರ್ಮಗಳಲ್ಲಿ ಲಾಕ್ಷಾವಾಣಿಜ್ಯವೆಂದು ಅರಗಿನ ವ್ಯಾಪಾರವೂ ಸೇರಿದೆ. ಜಿನವಾಣಿಯನ್ನಿಡುವ ಕಪಾಟಿಗೆ ಅರಗನ್ನು ಬಳಿಯುವುದು ಒಪ್ಪತಕ್ಕ ಮಾತಲ್ಲ. ಅದರ ಬದಲು ಅಗಸೆಯೆಣ್ಣೆಯನ್ನು ಹಚ್ಚಬಹುದು. ಆದರೆ ಅದು ನಿಧಾನವಾಗಿ ಆರುತ್ತದೆ, ಒಂದು ಲೇಪದಿಂದ ಮತ್ತೊಂದಕ್ಕೆ ದಿನಗಳು ಕಾಯಬೇಕು. ದೀಪಕ್ಕೆ ಹುಳುಗಳು ಬಂದು ಬೀಳುವುದರಿಂದ ರಾತ್ರಿಯ ಕೆಲಸ ಬೇಡವೆಂದರೆ ದಿನಗಳು ಇನ್ನೂ ಹೆಚ್ಚುತ್ತವೆ. ಇವೆಲ್ಲ ಯೋಗ್ಯವಾದ ನಿಯಮಗಳೇ. ಆದರೆ ಬೆಲೆ ನಿಶ್ಚಯವಾದ ಮೇಲೆ ಒಂದೊಂದಾಗಿ ಹೇಳುತ್ತಾ ಹೋದರೆ ವ್ರತ ಪಾಲಿಸುವವನು ಒಬ್ಬ, ಅದರ ವೆಚ್ಚ ಹೊರುವವನು ಇನ್ನೊಬ್ಬ ಎಂದಾಗುತ್ತದೆ.

ಅದಕ್ಕಿಂತಲೂ ಕೇಡಾದುದು “ಶಾಸ್ತ್ರದ ಕೆಲಸ, ನಿನಗೂ ಪುಣ್ಯ ಬರುತ್ತದೆ, ಸ್ವಲ್ಪ ಬಿಡು” ಎಂಬ ಚೌಕಾಸಿ. ಬಸದಿಯ ಜೀರ್ಣೋದ್ಧಾರದಲ್ಲಿಯೂ ಮನೆಯ ಪೂಜಾಸಾಮಗ್ರಿಯಲ್ಲಿಯೂ ಈ ಮಾತು ಧಾರಾಳವಾಗಿ ಕೇಳಿಬರುತ್ತದೆ. ದಾನವೆಂಬುದು ಕೊಡುವವನ ಮನಸ್ಸಿನಿಂದ ಬರಬೇಕು. ಇನ್ನೊಬ್ಬನ ಕೂಲಿಯಿಂದ ನಾಲ್ಕು ಸಾವಿರವನ್ನು ಸಂಕೋಚಕ್ಕೆ ಸಿಲುಕಿಸಿ ಬಿಡಿಸಿಕೊಂಡರೆ ಅದು ಅವನ ದಾನವೂ ಅಲ್ಲ, ತನ್ನ ದಾನವೂ ಅಲ್ಲ. ಕೊಡದುದನ್ನು ತೆಗೆದುಕೊಂಡದ್ದು, ಅದತ್ತಾದಾನ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಎರಡಿವೆ. ಎತ್ತು ಕುದುರೆಗಳನ್ನು ಕುರಿತಾಗಿ ಅವನ್ನು ವಿವರಿಸುವುದು ರೂಢಿ. ದುಡಿದವನ ಕೂಲಿಯನ್ನು ತಿಂಗಳುಗಟ್ಟಲೆ ತಡೆಯುವುದು ಅವನ ಮಕ್ಕಳಿಗೆ ಅನ್ನಪಾನನಿರೋಧವಲ್ಲವೇ ಎಂದು ಯೋಚಿಸಬೇಕು.

ಇಲ್ಲಿ ಒಂದು ಶಂಕೆ ಏಳಬಹುದು. ಕಪಾಟನ್ನು ಪಡೆದ ಮೇಲೆ ಬಡಿಗೇರನ ಕಿವಿಗೆ, ಕಲಬುರಗಿಯ ಅಂಗಡಿಯೊಂದರಲ್ಲಿ ಇಂತಹುದೇ 70,000ಕ್ಕೆ ಹೋಯಿತೆಂಬ ಸುದ್ದಿ ಬಿದ್ದರೆ? ಅವನು ಮೋಸಹೋದಂತಾಗಲಿಲ್ಲವೇ? ಸಮಂತಭದ್ರರು ಪರಿಗ್ರಹಪರಿಮಾಣದ ಅತಿಚಾರಗಳಲ್ಲಿ ಅತಿವಾಹನ, ಅತಿಸಂಗ್ರಹಗಳ ನಂತರ ವಿಸ್ಮಯವೆಂಬುದನ್ನು ಹೇಳಿದ್ದಾರೆ. ಒಪ್ಪಿದ ಲಾಭಕ್ಕೆ ವಸ್ತುವನ್ನು ಮಾರಿ, ಅನಂತರ ಅದರಿಂದ ಹೆಚ್ಚು ಬರಬಹುದಾಗಿತ್ತೆಂದು ತಿಳಿದು ಪಡುವ ವಿಷಾದವೇ ವಿಸ್ಮಯವೆಂಬುದು ಪ್ರಭಾಚಂದ್ರರ ವಿವರಣೆಯ ತಾತ್ಪರ್ಯ. ತಕ್ಕ ಲಾಭ ಬಂದರೂ ಇನ್ನೂ ಬೇಕೆಂಬುದು ಲೋಭ. ಅಸಲು, ಕೂಲಿ, ಹೊಣೆ ಮೂರನ್ನೂ ಲೆಕ್ಕಹಾಕಿ ನುಡಿದ ಬೆಲೆ ಕೈಸೇರಿದ್ದರೆ 70,000ದ ಸುದ್ದಿಯು ಮುಂದಿನ ಅಂದಾಜಿಗೆ ತಿಳಿವಳಿಕೆಯಾಗಬಹುದು, ಹಿಂದಿನದಕ್ಕೆ ದುಃಖವಾಗಬಾರದು. ಬಡಿಗೇರನು ಜೈನನಲ್ಲದಿರಬಹುದು, ಅವನಿಗೆ ಈ ಹೆಸರುಗಳು ತಿಳಿಯದಿರಬಹುದು. ಭಗವಾನ್ ಋಷಭದೇವರು ಕರ್ಮಭೂಮಿಯ ಆದಿಯಲ್ಲಿ ಉಪದೇಶಿಸಿದ ಆರು ಕರ್ಮಗಳಲ್ಲಿ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯಗಳೊಡನೆ ಶಿಲ್ಪವೂ ಸೇರಿದೆ. ಅವನ ಉಳಿಯೂ ಶ್ರಾವಕನ ತಕ್ಕಡಿಯೂ ಒಂದೇ ಸಾಲಿನವು.

ಬೆಲೆ ಮಾತನಾಡುವ ದಿನದ ವಿಷಯದಲ್ಲಿಯೂ ವಿವೇಕ ಬೇಕು. ಪ್ರೋಷಧೋಪವಾಸವನ್ನು ಹಿಡಿದ ಅಷ್ಟಮಿ ಚತುರ್ದಶಿಗಳಲ್ಲಿ ಆಹಾರದೊಂದಿಗೆ ಆರಂಭವನ್ನೂ ಬಿಡಬೇಕಾಗಿರುವುದರಿಂದ ಅಂದು ಚೌಕಾಸಿಗೆ ಕೂಡುವುದು ಉಪವಾಸವನ್ನು ಬರಿಯ ಹಸಿವೆಯಾಗಿಸುತ್ತದೆ. ಮನೆಯಲ್ಲಿ ಹತ್ತನೆಯದಾದ ಅನುಮತಿತ್ಯಾಗ ಪ್ರತಿಮೆಯನ್ನು ಧರಿಸಿದ ಹಿರಿಯರಿದ್ದರೆ “ಅಪ್ಪಾ, ಎಷ್ಟು ಕೊಡೋಣ?” ಎಂದು ಅವರನ್ನು ಕೇಳಲಾಗದು. ಲೌಕಿಕ ಕಾರ್ಯದಲ್ಲಿ ಹೌದು ಅಲ್ಲವೆನ್ನುವುದನ್ನೂ ಅವರು ಬಿಟ್ಟಿದ್ದಾರೆ. ಕೇಳಿದ ಮಗನು ಅವರ ಮೌನವನ್ನು ತನಗೆ ಬೇಕಾದಂತೆ ಅರ್ಥಮಾಡಿಕೊಳ್ಳುವ ಸಂಭವವೂ ಉಂಟು.

ಕೊನೆಯದಾಗಿ ಮುಂಗಡ ಮತ್ತು ಉಳಿದ ಮರ. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೊಂದು. ನ್ಯಾಸವಿಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ತಿಳಿದಿದ್ದರೂ ಸುಮ್ಮನಿದ್ದು ಕೇಳಿದಷ್ಟನ್ನೇ ಕೊಡುವುದು ಅದರ ಲಕ್ಷಣ. ಮರಕ್ಕೆಂದು ಕೊಟ್ಟ 25,000 ಮುಂಗಡವು ಮರವಾಗುವವರೆಗೆ ಬಡಿಗೇರನ ಬಳಿಯ ನ್ಯಾಸ. ಎರಡು ಕಂತಿನಲ್ಲಿ ಕೊಟ್ಟುದರಲ್ಲಿ ಒಂದನ್ನು ಶ್ರಾವಕನು ಮರೆತರೆ ನೆನಪಿಸುವುದು ಬಡಿಗೇರನ ಹೊಣೆ. ಬಡಿಗೇರನು ಮರೆತು ಬಾಕಿಯನ್ನು ಕಡಿಮೆ ಹೇಳಿದರೆ ತಿದ್ದುವುದು ಶ್ರಾವಕನ ಹೊಣೆ. 6.25 ಘನ ಅಡಿಯಲ್ಲಿ ನಷ್ಟವೆಂದು ಎಣಿಸಿದ 1.25ರಲ್ಲಿ ಪುಡಿಯಾಗದೆ ತುಂಡಾಗಿ ಉಳಿದುದು, ಮರದ ಬೆಲೆಯನ್ನು ಕೊಟ್ಟವನದು. ಬಡಿಗೇರನೇ ಇಟ್ಟುಕೊಳ್ಳುವುದಾದರೆ ಅದನ್ನು ಅಂದಾಜಿನಲ್ಲಿಯೇ ಬರೆದು ಬೆಲೆಯಲ್ಲಿ ಇಳಿಸಬೇಕು.

ಅಂತಹ ತುಂಡಿನಿಂದ ಒಂದು ಠವಣೆಕೋಲನ್ನು ಮಾಡಿಸಿಕೊಳ್ಳಬಹುದು. ನಿಸಿಧಿಗಲ್ಲುಗಳ ಮೇಲೆ ಆಚಾರ್ಯರ ಎದುರಿಗೆ ಕಾಣುವ ಶಾಸ್ತ್ರಪೀಠವದು. ಒಂದೇ ಹಲಗೆಯನ್ನು ಸೀಳಿ ಕೀಲು ಮೂಡಿಸಿ ಮಡಿಸುವಂತೆ ಮಾಡುವುದಾದರೆ ಅದು ಬಹಳ ನಾಜೂಕಿನ ಕೆಲಸ. ಕೀಲಿನ ಕಡೆ ಉಳಿ ತಪ್ಪಿದರೆ ಹಲಗೆಯೇ ಹೋಗುತ್ತದೆ. ಮರ ಉಳಿದದ್ದು, ಮನೆಯದೇ ಎಂದು ಅದರ ಕೂಲಿಯನ್ನು ಕಪಾಟಿನ ಬೆಲೆಯೊಳಗೆ ಸೇರಿತೆಂದುಕೊಳ್ಳದೆ, ಹಲಗೆಗೆ ಗೆರೆ ಎಳೆಯುವ ಮೊದಲೇ ಬೇರೆಯಾಗಿ ಮಾತನಾಡಿ ಅದೇ ಹಾಳೆಯ ಕೆಳಗೆ ಬರೆದುಕೊಳ್ಳತಕ್ಕದ್ದು.